ಅರಿಯೆನೆಂಬುದು ಅರಿವಿನ ಮೆಟ್ಟಿಲು

ಮುನಿಗಳು ಸಮಭಾವದಿಂದ ಸಹಿಸಬೇಕಾದ ಪರೀಷಹಗಳು 22 ಎಂದು ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರ ತನ್ನ ಒಂಬತ್ತನೆಯ ಅಧ್ಯಾಯದಲ್ಲಿ ಹೇಳುತ್ತದೆ. ಹಸಿವು, ನೀರಡಿಕೆ, ಚಳಿ, ಸೆಕೆ, ಸೊಳ್ಳೆ-ನೊಣಗಳ ಕಡಿತ ಎಂದು ಮೊದಲಾಗುವ ಈ ಪಟ್ಟಿಯ ಬಹುಪಾಲು ದೇಹಕ್ಕೆ ಒದಗುವ ಕಷ್ಟಗಳೇ. ಆದರೆ ಪಟ್ಟಿಯ ಕೊನೆಗೆ ಬಂದಾಗ ಓದುಗ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಇಪ್ಪತ್ತನೆಯದು ಪ್ರಜ್ಞಾ ಪರೀಷಹ, ಇಪ್ಪತ್ತೊಂದನೆಯದು ಅಜ್ಞಾನ ಪರೀಷಹ. ಹಸಿವನ್ನು ಸಹಿಸಬೇಕು ಎಂಬುದು ಅರ್ಥವಾಗುತ್ತದೆ. ಅಜ್ಞಾನವನ್ನು ಸಹಿಸುವುದು ಎಂದರೇನು? ಅದಕ್ಕಿಂತ ಹೆಚ್ಚಾಗಿ, ಪ್ರಜ್ಞೆಯನ್ನು, ಅಂದರೆ ಪಾಂಡಿತ್ಯವನ್ನು ಸಹಿಸುವುದು ಎಂದರೇನು?

ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಶಾಸ್ತ್ರಗಳನ್ನೆಲ್ಲ ಬಲ್ಲೆ, ತನ್ನ ಮುಂದೆ ಉಳಿದವರು ಸೂರ್ಯನ ಮುಂದಿನ ಮಿಂಚುಹುಳುಗಳು ಎಂಬ ಭಾವ ಏಳದಂತೆ ನೋಡಿಕೊಳ್ಳುವುದು ಪ್ರಜ್ಞಾ ಪರೀಷಹದ ಜಯ. ಏನೂ ತಿಳಿಯದವನು ಎಂದು ಜನ ಹೀಯಾಳಿಸಿದಾಗಲೂ, ಇಷ್ಟು ಕಾಲ ತಪಸ್ಸು ಮಾಡಿದರೂ ವಿಶೇಷ ಜ್ಞಾನ ಹುಟ್ಟಲಿಲ್ಲವಲ್ಲ ಎಂದು ಮನಸ್ಸು ಕುಗ್ಗಿದಾಗಲೂ ಕದಲದೆ ಉಳಿಯುವುದು ಅಜ್ಞಾನ ಪರೀಷಹದ ಜಯ. ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಆದರೆ ಸೂತ್ರಕಾರರು ಇವೆರಡಕ್ಕೂ ಒಂದೇ ಕಾರಣವನ್ನು ಹೇಳುತ್ತಾರೆ: ಜ್ಞಾನಾವರಣೀಯ ಕರ್ಮ. ತಿಳಿಯದಿರುವುದಕ್ಕೆ ಯಾವ ತೆರೆ ಕಾರಣವೋ ತಿಳಿದೆನೆಂದು ಬೀಗುವುದಕ್ಕೂ ಅದೇ ತೆರೆ ಕಾರಣ. ಸ್ವಲ್ಪ ಸರಿದ ತೆರೆಯ ಸಂದಿನಿಂದ ಕಂಡಷ್ಟನ್ನೇ ಪೂರ್ತಿ ನೋಟವೆಂದು ತಿಳಿದವನು ಗರ್ವಪಡುತ್ತಾನೆ. ತೆರೆ ಪೂರ್ತಿ ಸರಿದವರಿಗೆ ಗರ್ವವೆಂಬುದೇ ಇಲ್ಲ.

ಇನ್ನೊಂದು ಮಾತನ್ನೂ ಅದೇ ಅಧ್ಯಾಯ ಹೇಳುತ್ತದೆ. ಗುಣಸ್ಥಾನಗಳು ಹದಿನಾಲ್ಕು. ಹನ್ನೆರಡನೆಯದಾದ ಕ್ಷೀಣಕಷಾಯದಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳು ಬೇರುಸಹಿತ ನಾಶವಾಗಿರುತ್ತವೆ. ಅಲ್ಲಿಯೂ ಸಂಭವಿಸಬಹುದಾದ ಹದಿನಾಲ್ಕು ಪರೀಷಹಗಳಲ್ಲಿ ಅಜ್ಞಾನವೂ ಸೇರಿದೆ. ಹದಿಮೂರನೆಯ ಗುಣಸ್ಥಾನದಲ್ಲಿ ಕೇವಲಜ್ಞಾನ ಉದಯಿಸುವವರೆಗೆ ಎಲ್ಲ ಜೀವರೂ ಛದ್ಮಸ್ಥರೇ, ಆವರಣದೊಳಗಿರುವವರೇ. ಸಮ್ಯಗ್ದರ್ಶನ ಲಭಿಸುವುದಾದರೋ ನಾಲ್ಕನೆಯ ಗುಣಸ್ಥಾನದಲ್ಲಿ. ಅಂದರೆ ಮೋಕ್ಷಮಾರ್ಗದ ಬಹುದೊಡ್ಡ ದಾರಿಯನ್ನು ಜೀವ ಪೂರ್ತಿ ತಿಳಿಯದೆಯೇ ನಡೆಯುತ್ತದೆ. ಎಲ್ಲವೂ ನಿಶ್ಚಯವಾದ ಮೇಲೆ ಹೆಜ್ಜೆ ಇಡುತ್ತೇನೆ ಎನ್ನುವವನಿಗೆ ಮೊದಲ ಹೆಜ್ಜೆಯೂ ಸಾಧ್ಯವಿಲ್ಲ.

ಈ ಪರೀಷಹ ಮುನಿಗಳಿಗೆ ಮಾತ್ರ ಮೀಸಲಾದುದಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಇಂಡಿ ತಾಲ್ಲೂಕಿನ ಹೊರ್ತಿಯಂಥ ಊರುಗಳಲ್ಲಿ ಗೃಹಸ್ಥರು ಪ್ರತಿವರ್ಷ ಇದನ್ನು ಎದುರಿಸುತ್ತಾರೆ. ಈ ಎರೆಭೂಮಿಗೆ ವರ್ಷದಲ್ಲಿ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದು ಯಾವಾಗ ಬೀಳುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದು ಯಾರಿಗೂ ತಿಳಿಯದು. 1876-78ರ ಮಹಾ ಬರಗಾಲದಲ್ಲಿ ಕಲಾದಗಿ ಜಿಲ್ಲೆ ಎಂದು ಕರೆಯಲಾಗುತ್ತಿದ್ದ ಈ ಸೀಮೆ ತುಂಬ ನೊಂದಿತು. ಆ ನೆನಪು ಇಲ್ಲಿಯ ಬೇಸಾಯಕ್ಕೆ ಒಂದು ಎಚ್ಚರವನ್ನು ಕಲಿಸಿದೆ. ಮುಂಗಾರಿನಲ್ಲಿ ಸಜ್ಜೆಯ ಸಾಲುಗಳ ನಡುವೆ ತೊಗರಿ, ಹಿಂಗಾರಿನಲ್ಲಿ ಬಿಳಿಜೋಳದ ಜೊತೆಗೆ ಕುಸುಬೆ ಇಲ್ಲವೆ ಕಡಲೆ. ಮಳೆ ಬೇಗ ನಿಂತರೆ ಒಂದು ಬೆಳೆ ಕೈಹಿಡಿಯುತ್ತದೆ, ತಡವಾಗಿ ಬಂದರೆ ಇನ್ನೊಂದು. ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ರೈತ ಮಾಡುತ್ತಿರುವುದು ಅನಿಶ್ಚಯದ ಅಂಗೀಕಾರ. ಈ ವರ್ಷದ ಮಳೆ ಹೇಗೋ ತನಗೆ ತಿಳಿಯದು ಎಂದು ಒಪ್ಪಿಕೊಂಡೇ ಅವನು ಕೂರಿಗೆ ಹಿಡಿಯುತ್ತಾನೆ. ತಿಳಿಯದು ಎಂದು ಸುಮ್ಮನೆ ಕೂರುವುದಿಲ್ಲ. ತಿಳಿದಿದೆ ಎಂದು ಎಲ್ಲ ಬೀಜವನ್ನೂ ಒಂದೇ ಬೆಳೆಗೆ ಪಣವಾಗಿ ಒಡ್ಡುವುದೂ ಇಲ್ಲ.

ಅನೇಕಾಂತವೆಂಬುದು ಪಂಡಿತರ ವಾದಮಂಟಪದಲ್ಲಿ ಮಾತ್ರ ಇರುವ ತತ್ತ್ವವಲ್ಲ ಎಂಬುದನ್ನು ಈ ಹೊಲಗಳು ತೋರಿಸುತ್ತವೆ. ಹಿಂಗಾರಿನ ಆರಂಭದಲ್ಲಿ ಬೀಳುವ ಒಂದು ಹದಮಳೆ ಜೋಳ ಬಿತ್ತುವವನಿಗೆ ವರ. ಅದೇ ದಿನ ಸಜ್ಜೆ ಕೊಯ್ದು ಹೊಲದಲ್ಲಿ ಹರಡಿದವನಿಗೆ ನಷ್ಟ. ಮಳೆ ಒಳ್ಳೆಯದಾಯಿತು ಎಂಬ ಮಾತೂ ನಿಜ, ಕೆಟ್ಟದಾಯಿತು ಎಂಬ ಮಾತೂ ನಿಜ. ಸ್ಯಾದ್ವಾದದ 'ಸ್ಯಾತ್' ಪದಕ್ಕೆ 'ಇರಬಹುದೇನೋ' ಎಂಬ ಅಳ್ಳಕ ಅರ್ಥವಿಲ್ಲ. 'ಒಂದು ಅಪೇಕ್ಷೆಯಿಂದ ಹೀಗೆ' ಎಂಬ ಖಚಿತ ಅರ್ಥವಿದೆ. ಯಾವ ನಿಲುವಿನಿಂದ ನೋಡಿ ಹೇಳಿದ ಮಾತು ಎಂಬುದನ್ನು ಅದು ಕಾಣಿಸುತ್ತದೆ. ಕಾಣದೆ ಉಳಿದ ಮಗ್ಗುಲಿಗೂ ಜಾಗ ಬಿಡುತ್ತದೆ.

ತಿಳಿಯದಿರುವುದಕ್ಕೆ ಜೈನ ಜ್ಞಾನಮೀಮಾಂಸೆ ಒಂದು ಗೌರವದ ಸ್ಥಾನವನ್ನೇ ಕೊಟ್ಟಿದೆ. ಮತಿಜ್ಞಾನ ಹುಟ್ಟುವ ಕ್ರಮದಲ್ಲಿ ನಾಲ್ಕು ಹಂತಗಳಿವೆ: ಅವಗ್ರಹ, ಈಹಾ, ಅವಾಯ, ಧಾರಣಾ. ದೂರದಲ್ಲಿ ಏನೋ ಬೆಳ್ಳಗೆ ಕಾಣಿಸಿತು, ಇದು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ, ಬೆಳ್ಳಕ್ಕಿಯೇ ಇರಬೇಕೇ ಎಂದು ತಿಳಿಯಲು ಮನಸ್ಸು ಮುಂದಾಯಿತು, ಇದು ಈಹಾ. ಮೇಲೆ ಏರಿ ಕೆಳಗೆ ಇಳಿದು ರೆಕ್ಕೆ ಬಡಿದುದನ್ನು ಕಂಡು ಬೆಳ್ಳಕ್ಕಿಯೇ ಎಂದು ನಿರ್ಧಾರವಾಯಿತು, ಇದು ಅವಾಯ. ಮರೆಯದಂತೆ ಉಳಿದುದು ಧಾರಣಾ. ಈ ನಾಲ್ಕರಲ್ಲಿ ಎರಡನೆಯದಾದ ಈಹೆಯನ್ನು ಆಚಾರ್ಯರು ಜ್ಞಾನದ ಹೊರಗೆ ಇಟ್ಟಿಲ್ಲ, ಜ್ಞಾನದ ಒಂದು ಭೇದವೆಂದೇ ಎಣಿಸಿದ್ದಾರೆ. ಇನ್ನೂ ತಿಳಿದಿಲ್ಲ, ತಿಳಿಯಬೇಕು ಎಂಬ ಮನಃಸ್ಥಿತಿ ಕತ್ತಲೆಯಲ್ಲ. ಅದು ಅರಿವಿನ ಎರಡನೆಯ ಮೆಟ್ಟಿಲು. ಕಂಡೊಡನೆ ತೀರ್ಪು ಕೊಡುವವನು ಈ ಮೆಟ್ಟಿಲನ್ನು ಹಾರಿ ಮೂರನೆಯದಕ್ಕೆ ಕಾಲಿಡುತ್ತಾನೆ. ಎಡವಿ ಬೀಳುವುದು ಅಲ್ಲಿಯೇ.

ಇಲ್ಲಿ ಶ್ರದ್ಧಾವಂತ ಶ್ರಾವಕನೊಬ್ಬ ಕೇಳಬಹುದಾದ ಪ್ರಶ್ನೆಯೊಂದಿದೆ. ಶಂಕೆಯು ಸಮ್ಯಗ್ದರ್ಶನದ ಅತಿಚಾರವಲ್ಲವೇ? ಮಿಥ್ಯಾತ್ವದ ಐದು ಭೇದಗಳಲ್ಲಿ ಸಂಶಯವೂ ಅಜ್ಞಾನವೂ ಸೇರಿಲ್ಲವೇ? ಹಾಗಿರುವಾಗ ಅನಿಶ್ಚಯವನ್ನು ಹೊಗಳುವುದು ಹೇಗೆ ಸರಿ? ಈ ಪ್ರಶ್ನೆ ನ್ಯಾಯವಾದುದು, ಅದನ್ನು ತೇಲಿಸಿಬಿಡಲಾಗದು. ಉತ್ತರವನ್ನು ಪರೀಷಹಗಳ ಪಟ್ಟಿಯೇ ಕೊಡುತ್ತದೆ. ಅಜ್ಞಾನದ ಪಕ್ಕದಲ್ಲಿಯೇ ಇಪ್ಪತ್ತೆರಡನೆಯದಾಗಿ ಅದರ್ಶನ ಪರೀಷಹವಿದೆ. ಇಷ್ಟು ವ್ರತ ಮಾಡಿಯೂ ಫಲ ಕಾಣಲಿಲ್ಲ, ಇದೆಲ್ಲ ವ್ಯರ್ಥ ಎಂಬ ನಿರಾಶೆ ಅದರ ರೂಪ. ಎರಡೂ ನೆರೆಹೊರೆಯವು, ಆದರೆ ಕಾರಣ ಬೇರೆ. ಅಜ್ಞಾನಕ್ಕೆ ಜ್ಞಾನಾವರಣ ಕಾರಣವಾದರೆ ಅದರ್ಶನಕ್ಕೆ ದರ್ಶನಮೋಹ ಕಾರಣ. ತಿಳಿಯದು ಎನ್ನುವುದು ಬೇರೆ, ನಂಬೆನು ಎನ್ನುವುದು ಬೇರೆ. ದಾರಿಯಲ್ಲಿ ಮುಂದಿನ ತಿರುವು ಕಾಣದಿದ್ದರೂ ದಾರಿಯನ್ನು ಬಿಡದವನು ಅಜ್ಞಾನವನ್ನು ಗೆಲ್ಲುತ್ತಾನೆ. ತಿರುವು ಕಾಣಲಿಲ್ಲವೆಂದು ದಾರಿಯನ್ನೇ ಹಳಿಯುವವನು ಅದರ್ಶನಕ್ಕೆ ಸೋಲುತ್ತಾನೆ.

ಸಂಶಯಕ್ಕೂ ಈಹೆಗೂ ಇರುವ ಅಂತರವೂ ಇಂಥದೇ. ಮಬ್ಬುಗತ್ತಲಲ್ಲಿ ಕಂಡದ್ದು ಕಂಬವೋ ಮನುಷ್ಯನೋ ಎಂದು ಎರಡರ ನಡುವೆ ತೂಗಾಡುತ್ತ ನಿಂತಲ್ಲೇ ನಿಲ್ಲುವುದು ಸಂಶಯ. ಹತ್ತಿರ ಹೋಗಿ ನೋಡಲು ಹೆಜ್ಜೆ ಎತ್ತುವುದು ಈಹೆ. ಕಾಲಿಗೆ ಹುಲ್ಲು ತಗುಲಿದರೂ ಏನೋ ತಗುಲಿತು ಎಂದು ಲಕ್ಷ್ಯವಿಲ್ಲದೆ ಸಾಗುವುದನ್ನು ಶಾಸ್ತ್ರಕಾರರು ಅನಧ್ಯವಸಾಯ ಎಂದು ಕರೆದು ಜ್ಞಾನದ ದೋಷಗಳಲ್ಲಿ ಸೇರಿಸಿದ್ದಾರೆ. ಆದ್ದರಿಂದ ಎಲ್ಲ ಅರಿಯದಿರುವಿಕೆಯೂ ಸದ್ಗುಣವಲ್ಲ. ತೂಗಾಡುವ ಸಂಶಯ, ಉದಾಸೀನದ ಅನಧ್ಯವಸಾಯ ಇವೆರಡೂ ಜೀವವನ್ನು ಇದ್ದಲ್ಲೇ ಇರಿಸುತ್ತವೆ. ಪ್ರಾಮಾಣಿಕವಾಗಿ ಒಪ್ಪಿಕೊಂಡು ಹುಡುಕಲು ಹೊರಡುವ ಅರಿಯದಿರುವಿಕೆ ಮಾತ್ರ ಮೇಲಕ್ಕೆ ಒಯ್ಯುತ್ತದೆ.

ಸುಳ್ಳು ನಿಶ್ಚಯಕ್ಕೆ ತೆರಬೇಕಾದ ಬೆಲೆಯನ್ನು ಈ ಸೀಮೆ ಚೆನ್ನಾಗಿ ಬಲ್ಲದು. ಇಂಡಿ ನಿಂಬೆಗೆ ಹೆಸರಾದ ತಾಲ್ಲೂಕು. ನಿಂಬೆಯ ತೋಟಕ್ಕೆ ಬೇಸಿಗೆಯಲ್ಲಿ ನೀರು ಬೇಕು. ಬಾವಿ ಬತ್ತಿದಾಗ ರೈತ ಕೊಳವೆಬಾವಿಗೆ ಮುಂದಾಗುತ್ತಾನೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೊಲದಲ್ಲಿ ನಡೆದು ಇಲ್ಲೇ ನೀರಿದೆ ಎಂದು ನೀರು ತೋರಿಸುವವನು ಪಾಯಿಂಟ್ ಗುರುತಿಸುತ್ತಾನೆ. ನೆಲದೊಳಗಿನ ಬಂಡೆಯ ಬಿರುಕನ್ನು ಅಂಗೈಯ ಕಾಯಿ ಅರಿಯಲಾರದು. ಆದರೂ ಆ ಖಚಿತ ಮಾತಿನಲ್ಲಿ ಒಂದು ನೆಮ್ಮದಿಯಿದೆ. ಆ ನೆಮ್ಮದಿಗಾಗಿಯೇ ಸಾಲದ ಹಣ ನೆಲಕ್ಕಿಳಿಯುತ್ತದೆ. ಒಂದು ಕೊರೆದು ಧೂಳು ಬಂದರೆ ಇನ್ನೊಂದು, ಅದೂ ಒಣಗಿದರೆ ಮತ್ತೊಂದು. ಭೂವಿಜ್ಞಾನಿಯನ್ನು ಕೇಳಿದರೂ ನೀರಿರುವ ಸಾಧ್ಯತೆ ಇಷ್ಟು ಎಂದಾನೇ ಹೊರತು ಖಂಡಿತ ಇದೆ ಎನ್ನಲಾರ. ನಿಜ ಬಲ್ಲವನ ಮಾತಿನಲ್ಲಿ ಸಂಕೋಚವಿರುತ್ತದೆ. ಆ ಸಂಕೋಚವನ್ನು ಅಸಾಮರ್ಥ್ಯವೆಂದು ಎಣಿಸಿ, ಗಟ್ಟಿ ದನಿಯವನನ್ನು ಬಲ್ಲವನೆಂದು ಎಣಿಸುವುದು ಲೋಕದ ರೂಢಿ.

ಇಂಥ ಕಡೆ ಶ್ರಾವಕನ ಅಣುವ್ರತ ಕೈಹಿಡಿಯುತ್ತದೆ. ಪರಿಗ್ರಹ ಪರಿಮಾಣವೆಂದರೆ ಇಷ್ಟೇ ಸಾಕು ಎಂದು ತನಗೆ ತಾನೇ ಮಿತಿ ಹಾಕಿಕೊಳ್ಳುವುದು. ಫಲ ತನ್ನ ಕೈಯಲ್ಲಿಲ್ಲ, ಮಿತಿ ತನ್ನ ಕೈಯಲ್ಲಿದೆ. ನೀರು ಬರುವುದೋ ಇಲ್ಲವೋ ತಿಳಿಯದು, ಆದರೆ ಇಷ್ಟಕ್ಕಿಂತ ಹೆಚ್ಚು ಸಾಲ ಮಾಡೆನು, ಇಷ್ಟಕ್ಕಿಂತ ಹೆಚ್ಚು ಕೊರೆಸೆನು ಎಂದು ಯಂತ್ರ ಹೊಲಕ್ಕೆ ಬರುವ ಮೊದಲೇ ನಿಶ್ಚಯಿಸಿದವನ ಮನೆ ಉಳಿಯುತ್ತದೆ. ಅನಿಶ್ಚಯದ ಲೋಕದಲ್ಲಿ ವ್ರತವೊಂದೇ ಮನುಷ್ಯ ತಾನಾಗಿ ನಿಶ್ಚಯಿಸಬಹುದಾದುದು.

ಅರಿಯೆನೆಂಬ ಒಪ್ಪಿಗೆಯಿಂದ ಎಂಥ ಎತ್ತರಕ್ಕೆ ಏರಬಹುದು ಎಂಬುದಕ್ಕೆ ಗೌತಮ ಗಣಧರರ ಜೀವನಕ್ಕಿಂತ ದೊಡ್ಡ ನಿದರ್ಶನವಿಲ್ಲ. ಭಗವಾನ್ ಮಹಾವೀರರಿಗೆ ವೈಶಾಖ ಶುದ್ಧ ದಶಮಿಯಂದು ಕೇವಲಜ್ಞಾನ ಪ್ರಾಪ್ತವಾಯಿತು. ಸಮವಸರಣ ಸಿದ್ಧವಾಯಿತು. ಆದರೆ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲ ಎಂದು ದಿಗಂಬರ ಪರಂಪರೆ ಹೇಳುತ್ತದೆ. ಅದನ್ನು ಗ್ರಹಿಸಿ ಲೋಕಕ್ಕೆ ತಲುಪಿಸಬಲ್ಲ ಗಣಧರನಿರಲಿಲ್ಲ. ಇಂದ್ರನು ವೃದ್ಧ ಬ್ರಾಹ್ಮಣನ ವೇಷದಲ್ಲಿ ಇಂದ್ರಭೂತಿ ಗೌತಮನೆಂಬ ಮಹಾವಿದ್ವಾಂಸನ ಬಳಿಗೆ ಹೋಗಿ ಒಂದು ಶ್ಲೋಕದ ಅರ್ಥ ಕೇಳಿದನು. ವೇದವೇದಾಂಗಗಳಲ್ಲಿ ಪಾರಂಗತನಾಗಿ ಐನೂರು ಶಿಷ್ಯರಿಗೆ ಪಾಠ ಹೇಳುತ್ತಿದ್ದ ಇಂದ್ರಭೂತಿಗೆ ಅದರಲ್ಲಿ ಬಂದ ದ್ರವ್ಯ, ಅಸ್ತಿಕಾಯಗಳ ಎಣಿಕೆ ಅರ್ಥವಾಗಲಿಲ್ಲ. ವಾದ ಮಾಡಿಯೇ ತೀರುವೆನೆಂದು ಮಹಾವೀರರ ಕಡೆಗೆ ಹೊರಟವನ ಮಾನವು ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಕರಗಿತು. ಅವನು ಶಿಷ್ಯನಾದನು, ವಿಪುಲಾಚಲದಲ್ಲಿ ದಿವ್ಯಧ್ವನಿ ಹೊರಟಿತು. ಆ ದಿನವೇ ವೀರಶಾಸನ ಜಯಂತಿ. ಗುರುಪೂರ್ಣಿಮೆಯ ಮರುದಿನ ಇಂದಿಗೂ ಅದು ಆಚರಣೆಯಲ್ಲಿದೆ. ಅಷ್ಟು ದಿನ ಜಿನವಾಣಿ ಕಾದಿದ್ದುದು ಏನೂ ಓದದವನಿಗಾಗಿ ಅಲ್ಲ. ಎಲ್ಲ ಓದಿದವನೊಬ್ಬ ತನಗೆ ಗೊತ್ತಿಲ್ಲದ್ದೂ ಇದೆ ಎಂದು ತಲೆಬಾಗುವುದಕ್ಕಾಗಿ.

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಇದೇ ಗೌತಮರ ಇನ್ನೊಂದು ಪ್ರಸಂಗವಿದೆ. ಆನಂದನೆಂಬ ಶ್ರಾವಕನು ಸಲ್ಲೇಖನ ವ್ರತದಲ್ಲಿದ್ದಾಗ ತನಗೆ ಅವಧಿಜ್ಞಾನ ಉಂಟಾಗಿದೆಯೆಂದೂ ಅದರ ವ್ಯಾಪ್ತಿ ಇಷ್ಟೆಂದೂ ಹೇಳಿದನು. ಗೃಹಸ್ಥನಿಗೆ ಅಷ್ಟು ವ್ಯಾಪ್ತಿಯ ಜ್ಞಾನ ಉಂಟಾಗದು, ಈ ಮಾತಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದರು ಗೌತಮರು. ಮಹಾವೀರರಲ್ಲಿಗೆ ಬಂದು ಕೇಳಿದಾಗ ಆನಂದನ ಮಾತೇ ನಿಜವೆಂದು ತಿಳಿಯಿತು. ಗೌತಮರು ಮರಳಿ ಹೋಗಿ ಆ ಶ್ರಾವಕನ ಕ್ಷಮೆ ಕೇಳಿದರು. ಸಂಘದ ಮೊದಲ ಗಣಧರರು ಒಬ್ಬ ಗೃಹಸ್ಥನ ಮುಂದೆ ನಿಂತು ಕ್ಷಮೆ ಬೇಡಿದುದರಿಂದ ಅವರ ಹಿರಿಮೆ ಕುಂದಲಿಲ್ಲ. ಎರಡೂವರೆ ಸಾವಿರ ವರ್ಷಗಳ ನಂತರವೂ ಆ ಪ್ರಸಂಗವನ್ನು ಭಕ್ತರು ಆದರದಿಂದ ನೆನೆಯುತ್ತಾರೆ.

ಪಾಂಡಿತ್ಯದ ತುದಿಯಲ್ಲಿ ಗೌತಮರಿದ್ದರೆ ಇನ್ನೊಂದು ತುದಿಯಲ್ಲಿ ಶಿವಭೂತಿ ಮುನಿ ಇದ್ದಾರೆ. ಕುಂದಕುಂದ ಆಚಾರ್ಯರು ಭಾವಪಾಹುಡದಲ್ಲಿ ಇವರನ್ನು ಸ್ಮರಿಸಿದ್ದಾರೆ. ಗುರುಗಳು ಹೇಳಿಕೊಟ್ಟ ಪಾಠ ಈ ಮುನಿಯ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಹೆಂಗಸೊಬ್ಬಳು ಉದ್ದಿನ ಬೇಳೆಯಿಂದ ಸಿಪ್ಪೆಯನ್ನು ಬೇರ್ಪಡಿಸುವುದನ್ನು ಕಂಡರು. ಸಿಪ್ಪೆ ಬೇರೆ, ಬೇಳೆ ಬೇರೆ. ಹಾಗೆಯೇ ದೇಹ ಬೇರೆ, ಆತ್ಮ ಬೇರೆ ಎಂಬುದು ಅವರ ಭಾವದಲ್ಲಿ ನಾಟಿತು. ಅದೊಂದನ್ನೇ ಜಪಿಸುತ್ತ ಭಾವಶುದ್ಧಿಯಿಂದ ಕೇವಲಜ್ಞಾನ ಪಡೆದರು. ಬೇಳೆ ಒಡೆದು ಮೊರದಲ್ಲಿ ಕೇರುವ ಕೆಲಸ ತೊಗರಿಯ ಸೀಮೆಯಲ್ಲಿ ಮನೆಮನೆಯದು. ಶಿವಭೂತಿ ಮುನಿಗಳಿಗೆ ಉಪದೇಶ ಸಿಕ್ಕಿದ್ದು ಅಂಥ ಮೊರದಿಂದ. ತಮಗೆ ತಿಳಿಯದೆಂದು ಅವರು ಕುಗ್ಗಲಿಲ್ಲ, ತಿಳಿದವರಂತೆ ನಟಿಸಲೂ ಇಲ್ಲ. ಅದರಿಂದಲೇ ಅವರ ಕಣ್ಣು ತೆರೆದಿತ್ತು.

ಈ ಪಾಠ ಇಂದಿನ ಮನೆಗಳಿಗೂ ಶಾಲೆಗಳಿಗೂ ಬೇಕಾಗಿದೆ. ಪ್ರಶ್ನೆ ಕೇಳಿದಾಗ ಗೊತ್ತಿಲ್ಲ ಎಂದು ಹೇಳಲು ಹೆದರುವ ಮಗು ಊಹಿಸಿ ಉತ್ತರಿಸಲು ಕಲಿಯುತ್ತದೆ. ಊಹೆ ತಪ್ಪಿದರೆ ನಗೆಪಾಟಲು, ಸರಿಯಾದರೆ ಮೆಚ್ಚುಗೆ. ಹೀಗೆ ಬೆಳೆದ ಮಗು ದೊಡ್ಡವನಾಗಿ ಮೊಬೈಲಿಗೆ ಬಂದ ಸಂದೇಶವನ್ನು ಓದಿದೊಡನೆ ಹತ್ತು ಜನರಿಗೆ ಕಳಿಸುತ್ತದೆ. ನೆರೆಯವನ ನಡತೆಯ ಬಗ್ಗೆ ಅರ್ಧ ಕೇಳಿ ಪೂರ್ತಿ ತೀರ್ಪು ಕೊಡುತ್ತದೆ. ಅಣ್ಣತಮ್ಮಂದಿರ ಪಾಲು ಪಂಚಾಯಿತಿಯಲ್ಲಿ ಮುರಿದು ಬೀಳುವ ಎಷ್ಟೋ ಸಂಬಂಧಗಳ ಮೂಲದಲ್ಲಿ, ಅವನ ಮನಸ್ಸಿನಲ್ಲಿ ಏನಿದೆ ಎಂದು ತನಗೆ ಗೊತ್ತು ಎಂಬ ಹಟವಿರುತ್ತದೆ. ಇನ್ನೊಬ್ಬರ ಮನಸ್ಸಿನ ಪರ್ಯಾಯಗಳನ್ನು ನೇರವಾಗಿ ಅರಿಯುವುದು ಮನಃಪರ್ಯಯಜ್ಞಾನ. ಅದು ವಿಶೇಷ ಸಂಯಮವುಳ್ಳ ಮುನಿಗಳಿಗೆ ಮಾತ್ರ ಲಭಿಸುವಂಥದು. ಗೃಹಸ್ಥನಿಗೆ ಉಳಿದಿರುವ ಮಾರ್ಗ ಒಂದೇ: ಎದುರು ಕುಳಿತು ಕೇಳುವುದು. ತನಗೆ ತಿಳಿಯದು, ನೀನೇ ಹೇಳು ಎಂದು ಅಣ್ಣನೊಬ್ಬ ತಮ್ಮನನ್ನು ಕೇಳಿದರೆ ಅದೂ ಅಹಿಂಸೆಯ ಆಚರಣೆಯೇ.

ಎಲ್ಲ ಅನಿಶ್ಚಯಗಳಲ್ಲಿ ಹಿರಿದಾದುದು ಆಯುಷ್ಯ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಮುಂದಿನ ಭವದ ಆಯುಕರ್ಮ ಬಂಧವಾಗುವ ಕಾಲವನ್ನು ವಿವರಿಸಿದ್ದಾರೆ. ಮನುಷ್ಯನ ಆಯುಷ್ಯದ ಮೂರರಲ್ಲಿ ಎರಡು ಪಾಲು ಕಳೆದಾಗ ಮೊದಲ ಅವಕಾಶ; ಉಳಿದುದರಲ್ಲಿ ಮತ್ತೆ ಎರಡು ಪಾಲು ಕಳೆದಾಗ ಎರಡನೆಯದು; ಹೀಗೆ ಎಂಟು ಅವಕಾಶಗಳು. ಒಬ್ಬನ ಆಯುಷ್ಯ 81 ವರ್ಷವೆಂದು ಇಟ್ಟುಕೊಂಡರೆ ಮೊದಲನೆಯದು 54ನೆಯ ವರ್ಷ ತುಂಬಿದಾಗ, ಎರಡನೆಯದು 72, ಮೂರನೆಯದು 78, ನಾಲ್ಕನೆಯದು 80. ಉಳಿದ ನಾಲ್ಕೂ ಕೊನೆಯ ಒಂದು ವರ್ಷದೊಳಗೆ. ಎಂಟರಲ್ಲಿಯೂ ಬಂಧವಾಗದಿದ್ದರೆ ಮರಣಕ್ಕೆ ಮುನ್ನ ಕೊನೆಯ ಅಂತರ್ಮುಹೂರ್ತದಲ್ಲಿ. ಆ ಹೊತ್ತಿನ ಭಾವ ಎಂಥದೋ ಗತಿಯೂ ಅಂಥದು.

ಲೆಕ್ಕ ಸುಲಭ. ಆದರೆ ಲೆಕ್ಕಕ್ಕೆ ಬೇಕಾದ ಮೊದಲ ಸಂಖ್ಯೆಯೇ ಯಾರ ಕೈಯಲ್ಲೂ ಇಲ್ಲ. ಆಯುಷ್ಯ 81 ವರ್ಷವೋ 45 ವರ್ಷವೋ ತಿಳಿಯದು. ತಿಳಿಯದ್ದರಿಂದ ಆ ತ್ರಿಭಾಗದ ಕ್ಷಣ ಕಳೆದುಹೋಯಿತೋ, ಇವತ್ತೇ ಇದೆಯೋ, ಮುಂದಿದೆಯೋ ಅದೂ ತಿಳಿಯದು. ಒಂದು ವೇಳೆ ತಿಳಿದಿದ್ದರೆ ಏನಾಗುತ್ತಿತ್ತು? ಆ ಒಂದು ದಿನ ಮಾತ್ರ ಬಸದಿಗೆ ಹೋಗಿ, ಉಳಿದ ದಿನ ಮನಬಂದಂತೆ ನಡೆಯುವವರೇ ಹೆಚ್ಚಾಗುತ್ತಿದ್ದರು. ತಿಳಿಯದಿರುವುದರಿಂದಲೇ ಇವತ್ತಿನ ಕೋಪವನ್ನು ಇವತ್ತೇ ಶಮನ ಮಾಡಿಕೊಳ್ಳಬೇಕಾಗಿದೆ, ಇವತ್ತಿನ ಕ್ಷಮೆಯನ್ನು ಇವತ್ತೇ ಕೇಳಬೇಕಾಗಿದೆ. ಅನಿಶ್ಚಯವು ಶ್ರಾವಕನನ್ನು ಹೆದರಿಸುವುದಕ್ಕಾಗಿ ಇಲ್ಲ, ಎಚ್ಚರವಾಗಿಡುವುದಕ್ಕಾಗಿ ಇದೆ. ಅಪ್ರಮಾದವೆಂದರೆ ಈ ಎಚ್ಚರವೇ.

ಸಂಜೆಯ ಸಾಮಾಯಿಕಕ್ಕೆ ಕುಳಿತಾಗ, ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ಎಣಿಸುವಾಗ, ಅದರ ಜೊತೆಗೆ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳಬಹುದು: ಈ ದಿನ ತಿಳಿಯದೆಯೂ ತಿಳಿದಂತೆ ಆಡಿದ ಮಾತು ಯಾವುದು? ಅಂಥದೊಂದು ನೆನಪಿಗೆ ಬಂದರೆ ನಾಳೆ ಆ ವ್ಯಕ್ತಿಯ ಬಳಿಗೆ ಹೋಗಿ ಅದನ್ನು ಸರಿಪಡಿಸುವುದು ಆ ಸಾಮಾಯಿಕದ ಫಲ. ಜ್ಞಾನಾವರಣದ ತೆರೆ ಒಂದೇ ಭವದಲ್ಲಿ ಸರಿಯಲಾರದು. ಆದರೆ ತೆರೆಯಿದೆ ಎಂದು ಕಂಡುಕೊಂಡವನು ಅದನ್ನು ಗೋಡೆಯೆಂದು ಎಣಿಸುವುದಿಲ್ಲ. ಕೈ ಮುಂದೆ ಚಾಚುತ್ತಾನೆ.